ಎಂಟು ದಿನದ ಹರಳು

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಕೊಳ್ಳುವ ಮೊದಲು ಹರಳನ್ನು ಮನೆಗೆ ತಂದು ಎಂಟು ದಿನ ಇಟ್ಟುಕೊಳ್ಳಬೇಕು. ಹಗಲು ದೇವರ ಮುಂದೆ, ಮಲಗುವಾಗ ತಲೆದಿಂಬಿನ ಕೆಳಗೆ. ಅಷ್ಟರಲ್ಲಿ ಮನೆಯಲ್ಲಿ ಜ್ವರ, ಜಗಳ, ಕೆಟ್ಟ ಕನಸು ಏನೂ ಬಾರದಿದ್ದರೆ ಅದು ನಿಮ್ಮದು. ಬಂದರೆ ಅಂಗಡಿಗೆ ಹಿಂದಿರುಗಿಸಿ ಬೇರೆಯದನ್ನು ತರಬೇಕು. ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಹುಡುಗರ ಪ್ರಬಂಧಗಳನ್ನು ಟೈಪ್ ಮಾಡಿದವಳು ನಾನು. ರಾಗಿಗೆ ಬೆಂಕಿರೋಗ ಏತಕ್ಕೆ ಬರುತ್ತದೆ ಎಂದು ಕೇಳಿ, ಹೇಳುತ್ತೇನೆ. ಕಲ್ಲಿನಿಂದಂತೂ ಬರುವುದಿಲ್ಲ.

ನನ್ನ ಹೆಸರು ಶಿವಲಿಂಗವ್ವ, ಗದಗಿನ ಕಡೆಯವಳು. ಬೆಂಗಳೂರಿನವರು ನನ್ನನ್ನು ಶಿವಲಿಂಗಮ್ಮ ಮಾಡಿದರು. ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆ ಇದೆ ಎಂದುಕೊಳ್ಳಬೇಡಿ. ಬಂದ ಗಂಡುಗಳು ನನ್ನನ್ನು ಒಪ್ಪಲಿಲ್ಲ, ಒಪ್ಪಿದ ಒಬ್ಬನನ್ನು ನಾನು ಒಪ್ಪಲಿಲ್ಲ, ಅಷ್ಟೇ. ಆರ್.ಟಿ. ನಗರದ ಒಂದು ಮಹಡಿ ಮನೆಯಲ್ಲಿ ಅವ್ವನೂ ನಾನೂ ಇದ್ದೆವು. ೧೯೮೩ರ ಶ್ರಾವಣದಲ್ಲಿ ಅವ್ವ ಹೋದಳು. ಅವಳ ಟ್ರಂಕಿನ ತಳದಲ್ಲಿ, ನನ್ನ ಮದುವೆಗೆಂದು ಮೂವತ್ತು ವರ್ಷ ಬಚ್ಚಿಟ್ಟಿದ್ದ ಬಂಗಾರ ಸಿಕ್ಕಿತು. ನೋಡಿ ಸಿಟ್ಟೇ ಬಂತು. ಐವತ್ತೊಂದು ವರ್ಷದವಳು ಪಾಟಲಿ, ಸರ ಹಾಕಿಕೊಂಡು ಯಾರ ಮುಂದೆ ಮೆರೆಯಲಿ? ಎಲ್ಲವನ್ನೂ ಕೊಟ್ಟು ಒಂದೇ ಒಂದು ವಜ್ರ ತೆಗೆದುಕೊಳ್ಳುತ್ತೇನೆ, ನಾನೇ ಆರಿಸಿದ್ದನ್ನು ತೆಗೆದುಕೊಳ್ಳುತ್ತೇನೆ ಎಂದು ಹಟ ಹುಟ್ಟಿತು.

ಯಶವಂತಪುರದ ಮಾರುಕಟ್ಟೆಯ ಹಿಂದೆ ದಾಸಪ್ಪ ಶೆಟ್ಟರ ಸಣ್ಣ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ.

"ಮೂಗುಬೊಟ್ಟಿಗೆ ತಾನೇಮ್ಮಾ?" ಎಂದರು ಶೆಟ್ಟರು.

"ಮೂಗುಬೊಟ್ಟು ಎದುರಿಗಿದ್ದವ್ರಿಗೆ ಕಾಣೂದ್ರಿ. ನನ್ನ ಎದುರಿಗೆ ಯಾರದಾರ? ಉಂಗುರ ಮಾಡ್ರಿ, ನನಗರೆ ಕಾಣ್ಲಿ."

"ಮನೇಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬಾಕಿನ."

"ಹಂಗಿದ್ರೆ ಸುಲಭ ಬಿಡಿ. ಒಬ್ರಿಗೆ ಆಗಿಬಂದ್ರೆ ಮುಗೀತು."

ಸುಲಭವಂತೆ! ನನ್ನ ಮನೆಗೆ ಬಂದು ಒಂದು ಭಾನುವಾರ ಇದ್ದು ನೋಡಲಿ ಮಹಾರಾಯ, ಎಷ್ಟು ಸುಲಭ ಎಂದು ಗೊತ್ತಾಗುತ್ತದೆ.

ಹೆಸರು, ವಿಳಾಸ ಬರೆದುಕೊಂಡು ರಸೀತಿ ಮಾಡಿ ಶೆಟ್ಟರು ಮೊದಲು ಕೊಟ್ಟದ್ದು ಗುಂಡಗಿನ ಹರಳು. ಮಂಗಳವಾರ ತಂದೆ. ಎಂಟು ದಿನ ಏನೂ ಆಗಲಿಲ್ಲ. ಕೆಟ್ಟದ್ದು ಹಾಗಿರಲಿ, ಒಂದು ಕಾಗದ ಬರಲಿಲ್ಲ, ಒಬ್ಬರು ಬಾಗಿಲು ತಟ್ಟಲಿಲ್ಲ. ಜಗಳವಾಡಬೇಕೆಂದರೂ ಇನ್ನೊಬ್ಬರು ಬೇಕಲ್ಲ? ಮುಂದಿನ ಮಂಗಳವಾರ ಆಫೀಸು ಬಿಟ್ಟು, 'ಆಗಿಬಂತು' ಎಂದು ಹೇಳಿಬರಲು ಹೋದೆ. ಶೆಟ್ಟರು ಗಿರಾಕಿಗಳ ನಡುವೆ ಇದ್ದರು. ಅವರ ಹೆಂಡತಿ ಗಂಗಾದೇವಿ ನನ್ನನ್ನು ಪರದೆಯ ಆಚೆ ಕರೆದು ಮಣೆ ಹಾಕಿ ಕೂರಿಸಿ ಕಾಫಿ ಕೊಟ್ಟರು. ಕಲ್ಲು ಆಗಿಬಂತೋ ಇಲ್ಲವೋ ಎಂದು ವಿಚಾರಿಸುವುದು ಆ ಮನೆಯಲ್ಲಿ ಅವರ ಕೆಲಸ.

"ನಿದ್ದೆ ಚೆನ್ನಾಗಿ ಬಂತಾ? ಊಟ ಸೇರ್ತಾ? ಮನಸ್ಸಿಗೆ ಏನಾದ್ರೂ ಕಸಿವಿಸಿ? ಎಲ್ಲಾ ನಿಧಾನಕ್ಕೆ ಹೇಳಿ, ಏನೂ ಅವಸರ ಇಲ್ಲ," ಎಂದು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತರು.

ಅವ್ವ ಹೋದ ಮೇಲೆ ನಿದ್ದೆ ಬಂತಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಏನೂ ಆಗಲಿಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತದೆ, ಎದ್ದು ಬರಬೇಕು. ನನ್ನ ಬಾಯಿ ತಾನಾಗಿ, "ಎರಡನೇ ದಿನ ಹಾಲು ಒಡೀತ್ರಿ," ಎಂದಿತು.

"ಅಯ್ಯಯ್ಯೋ! ಬೇಡವೇ ಬೇಡ ಕಣ್ರೀ ಈ ಕಲ್ಲು!" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ಎರಡನೆಯ ಕಲ್ಲಿಗೆ, ಮೆಟ್ಟಿಲಿನಿಂದ ಬಿದ್ದೆ ಎಂದೆ. ಗಂಗಾದೇವಿ ನನ್ನ ಮೊಣಕೈ ತಡವಿ ನೋಡಿ, ಸದ್ಯ ಮೂಳೆಗೆ ಏನೂ ಆಗಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದರು. ಮೂರನೆಯದಕ್ಕೆ, ಅವ್ವ ಕನಸಿನಲ್ಲಿ ಬಂದು ಅತ್ತಳು ಎಂದೆ. ಆ ದಿನ ಇಬ್ಬರೂ ಕಣ್ಣೊರೆಸಿಕೊಂಡೆವು. ನಾಚಿಕೆಯಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಾ? ಆಗುತ್ತಿತ್ತು. ಆದರೆ ಸೋಮವಾರವೇ ಮರುದಿನಕ್ಕೆ ಸೀರೆ ಇಸ್ತ್ರಿ ಮಾಡಿ ಇಟ್ಟುಕೊಳ್ಳುತ್ತಿದ್ದೆ.

ಹೀಗೇ ವರ್ಷವಿಡೀ ನಡೆಸುತ್ತಿದ್ದೆನೋ ಏನೋ. ಆದರೆ ಶೆಟ್ಟರು ಆ ದಿನ ಇನ್ನೊಂದು ಪೊಟ್ಟಣ ಬಿಚ್ಚಿದರು.

"ಇದು ಹಳೇ ಕಾಲದ ಕಟಿಂಗ್ ಅಮ್ಮ. ಕುಶನ್ ಕಟ್ ಅಂತಾರೆ. ಚೌಕ, ಆದ್ರೆ ಮೂಲೆ ಎಲ್ಲಾ ದುಂಡಗೆ, ಪುಟ್ಟ ದಿಂಬಿನ ಥರ. ಈಗಿನವರು ಕೇಳಲ್ಲ, ಥಳಥಳ ಅನ್ನಲ್ಲ ಅಂತ."

ಥಳಥಳ ಅನ್ನಲಿಲ್ಲ ನಿಜ. ಅಂಗೈ ಮೇಲೆ ಇಟ್ಟುಕೊಂಡು ಓರೆ ಮಾಡಿದರೆ ಬೆಳಕು ಒಳಗೆ ಇಷ್ಟಿಷ್ಟೇ ಸರಿದು ಹೋಗಿ ಒಂದು ಮೂಲೆಯಲ್ಲಿ ನಿಲ್ಲುತ್ತಿತ್ತು. ನೋಡಿದ ಕ್ಷಣವೇ ಇದು ನನ್ನದು ಎನ್ನಿಸಿತು. ಜನ್ಮದಲ್ಲಿ ಯಾವ ವಸ್ತುವಿನ ಮೇಲೂ ನನಗೆ ಹಾಗೆ ಆಸೆ ಹುಟ್ಟಿರಲಿಲ್ಲ.

ಪಕ್ಕದಲ್ಲಿ ಕೋಗಿಲು ಎಂಬ ಹಳ್ಳಿಯ ಮುನಿಗಂಗಮ್ಮ ಕುಳಿತಿದ್ದರು. ಜಮೀನು ಮಾರಿದವರು, ಸೊಸೆಗೆ ಉಂಗುರ ಮಾಡಿಸಲು ಬಂದಿದ್ದರು. ಅವರೂ ಕತ್ತು ಚಾಚಿ ನೋಡಿದರು. "ಇಂತಾದ್ದೇ ನಂಗೂ ಬೇಕು ಶೆಟ್ರೇ. ಈಯಮ್ಮಂಗೆ ಆಗ್ಬರ್ಲಿಲ್ಲ ಅಂದ್ರೆ ನಂಗೆ ಮಡಗಿ. ನಮ್ಮನೇಲಿ ಅನ್ನೊಂದು ಜನ, ದಿನಾ ಏನಾದ್ರೂ ಒಂದು ಆಯ್ತಲೇ ಇರ್ತದೆ. ಯಾವ್ದು ಕಲ್ಲಿಂದು, ಯಾವ್ದು ನಮ್ದು ಅಂತ ಎಂಗೆ ಗೊತ್ತಾಗೋದು, ನೀವೇ ಯೋಳಿ!" ಎಂದು ನಕ್ಕರು. ಅವರ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಬಂತೆಂದರೆ ನಗಲೂ ಆಗಲಿಲ್ಲ.

ಈಗ ಪೇಚಾಟಕ್ಕೆ ಬಂತು. ಸುಳ್ಳು ಹೇಳಿದರೆ ಹರಳು ಕೋಗಿಲಿಗೆ ಹೋಗುತ್ತದೆ. ನಿಜ ಹೇಳಿದರೆ ಮಂಗಳವಾರದ ಕಾಫಿ, ಮಾತು ಕೈಬಿಟ್ಟು ಹೋಗುತ್ತದೆ. ಮೂರು ದಿನ ಹರಳನ್ನು ಮುಂದಿಟ್ಟುಕೊಂಡು ಇದನ್ನೇ ಯೋಚಿಸಿದೆ. ಶನಿವಾರ ನಿಜವಾಗಿಯೂ ಜ್ವರ ಬಂತು. ಸಾದಾ ಜ್ವರವಲ್ಲ, ಎದ್ದು ಕೊಡದಿಂದ ನೀರು ಬಗ್ಗಿಸಿಕೊಳ್ಳಲು ಆಗದ ಜ್ವರ. ಕೆಳಗಿನ ಮನೆಯವರು ಊರಿಗೆ ಹೋಗಿದ್ದರು. ಭಾನುವಾರ, ಸೋಮವಾರ ಬಿದ್ದುಕೊಂಡಿದ್ದೆ. ಮಂಗಳವಾರ ಬಂದು ಹೋದದ್ದೂ ತಿಳಿಯಿತು. ಸತ್ತರೆ ಎಷ್ಟು ದಿನಕ್ಕೆ ಗೊತ್ತಾದೀತು ಎಂದು ಲೆಕ್ಕ ಹಾಕಿದೆ. ಹೆದರಿಕೆಯಾಯಿತು.

ಬುಧವಾರ ಮಧ್ಯಾಹ್ನ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು. ಗಂಗಾದೇವಿ! ರಸೀತಿಯಲ್ಲಿದ್ದ ವಿಳಾಸ ಹಿಡಿದು ಎರಡು ಬಸ್ಸು ಬದಲಿಸಿ ಬಂದಿದ್ದರು.

"ನಮ್ಮನೆಯವ್ರು ಕಲ್ಲು ತಗೊಂಡು ಓಡೋದ್ರೇನೋ ಅಂದ್ರು. ಬಾಯ್ಮುಚ್ಚಿ, ಅಂಥವರಲ್ಲ ಅವ್ರು, ಅಂತ ಬೈದು ಬಂದೆ," ಎನ್ನುತ್ತ ನನ್ನ ಹಣೆ ಮುಟ್ಟಿದವರು, "ಅಯ್ಯೋ ದೇವರೇ, ಕೆಂಡ!" ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಒದ್ದೆ ಬಟ್ಟೆ ಹಾಕಿದರು, ಗಂಜಿ ಕಾಯಿಸಿದರು, ಉಪ್ಪಿನಕಾಯಿ ಎಲ್ಲಿದೆ ಎಂದು ಹುಡುಕಿದರು. ಆ ಮನೆಯಲ್ಲಿ ಆರು ತಿಂಗಳ ಮೇಲೆ ಇನ್ನೊಬ್ಬರ ಬಳೆ ಸದ್ದು ಕೇಳಿತು.

ಗಂಜಿ ಕುಡಿಸಿದ ಮೇಲೆ, "ಯಾವಾಗಿಂದ ಜ್ವರ?" ಎಂದು ಕೇಳಿದರು. ಶನಿವಾರದಿಂದ ಎಂದೆ. ಎದ್ದುಹೋಗಿ ದೇವರ ಮುಂದಿನ ಪೊಟ್ಟಣ ತೆಗೆದುಕೊಂಡರು. "ಇದೂ ಆಗಿಬರ್ಲಿಲ್ಲ. ಹೋಗ್ಲಿ ಬಿಡಿ, ಬೇರೆ ತೋರಿಸ್ತೀವಿ. ಹುಷಾರಾದ್ಮೇಲೆ ಮಂಗಳವಾರ ಬನ್ನಿ."

ಹೂಂ ಎಂದಿದ್ದರೆ ಮಂಗಳವಾರ ಉಳಿಯುತ್ತಿತ್ತು. ಆದರೆ ಆ ಹರಳು ಅವರ ಮುಷ್ಟಿಯೊಳಗೆ ಹೋಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಕೈಯ ಗಂಜಿ ಕುಡಿದ ಬಾಯಲ್ಲಿ ಇನ್ನೊಂದು ಸುಳ್ಳು ಹೊರಡಲಿಲ್ಲ.

"ಗಂಗಾದೇವಿಯವ್ರ, ಹಾಲು ಒಡದಿಲ್ರಿ. ನಾ ಬಿದ್ದಿಲ್ಲ. ಅವ್ವ ಕನಸಿನ್ಯಾಗ ಬಂದಿಲ್ಲ. ಆ ಮೂರೂ ಕಲ್ಲು ಇದ್ದಾಗ ನನ್ನ ಮನ್ಯಾಗ ಏನಂದ್ರ ಏನೂ ಆಗ್ಲಿಲ್ರಿ. ನೀವು ಕೇಳ್ತಿದ್ರಿ, ಅದಕ್ಕ ಹೇಳ್ದೆ. ಈ ಸಲ ಜ್ವರ ಬಂತು ಖರೆ. ಆದ್ರ ನೀವು ಬಂದ್ರಿ. ಅವ್ವ ಹೋದ ಮ್ಯಾಲ ನನ್ನ ಸಲವಾಗಿ ಈ ಬಾಗಲಕ್ಕ ಬಂದವ್ರು ನೀವೊಬ್ರ. ಈ ಹರಳು ನನಗ ಆಗಿಬಂದೈತ್ರಿ."

ಅವರು ಮುಷ್ಟಿ ಬಿಚ್ಚಿ ಪೊಟ್ಟಣವನ್ನು ನೋಡಿದರು. ಆಮೇಲೆ, "ಆ ಮೂರು ಕಲ್ಲನ್ನೂ ದಲ್ಲಾಳಿ ಮುಜಫ್ಫರ್ ಸಾಬರಿಗೆ ವಾಪಸ್ ಕೊಟ್ವಿ," ಎಂದರು. "ಕೆಟ್ಟ ಕಲ್ಲು ತರ್ತೀರಿ ಅಂತ ನಾನೇ ಅವರ ಮುಖದ ಮೇಲೆ ಹೇಳ್ದೆ. ವಯಸ್ಸಾದ ಮನುಷ್ಯ, ತಲೆ ತಗ್ಗಿಸ್ಕೊಂಡು ಹೋದ್ರು. ನಿಮಗೊಂದು ಆಗಿಬರ್ಲಿ ಅಂತ ನಾನು ವಾರವಾರ ದೀಪ ಹಚ್ತಿದ್ದೆ ಕಣ್ರೀ."

ಅವರು ಪೊಟ್ಟಣವನ್ನು ನನ್ನ ಹಾಸಿಗೆಯ ಪಕ್ಕದಲ್ಲಿ ಇಟ್ಟರು. ಉಳಿದ ಗಂಜಿಗೆ ತಟ್ಟೆ ಮುಚ್ಚಿದರು. ಹೋಗಿಬರುತ್ತೇನೆ ಎಂದೂ ಹೇಳದೆ ಇಳಿದುಹೋದರು.

ಜ್ವರ ಬಿಟ್ಟ ಮೇಲೆ ಅವ್ವನ ಬಂಗಾರವನ್ನು ಬೆಲೆಗೆ, ಹರಳನ್ನು ಉಂಗುರಕ್ಕೆ ಕೊಟ್ಟುಬಂದೆ. ಹತ್ತು ದಿನ ಬಿಟ್ಟು ತರಲು ಹೋದೆ. ಎರಡು ಸಲವೂ ಶೆಟ್ಟರೇ ಮಾತಾಡಿದ್ದು. ಉಂಗುರ ಚೆನ್ನಾಗಿತ್ತು, ಬೆರಳಿಗೆ ಸರಿಯಾಗಿ ಕುಳಿತಿತು. "ಸದ್ಯ, ಇನ್ನು ನೀವು ಪದೇ ಪದೇ ಬರೋ ತೊಂದ್ರೆ ತಪ್ತು," ಎಂದರು ಶೆಟ್ಟರು, ಒಳ್ಳೆಯ ಮನಸ್ಸಿನಿಂದಲೇ. ಪರದೆಯ ಆಚೆ ಪಾತ್ರೆ ಸದ್ದು ಕೇಳುತ್ತಿತ್ತು. ಯಾರೂ ಕರೆಯಲಿಲ್ಲ.

ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟಿದೆ. ಆಗ ಹೊಳೆಯಿತು ನೋಡಿ, ಅಷ್ಟು ಸಲ ಆ ಹೆಂಗಸಿನ ಮುಂದೆ ಕುಳಿತು ನನ್ನ ಹಾಲು, ನನ್ನ ಮೊಣಕೈ, ನನ್ನ ಅವ್ವ ಎಂದು ಒದರಿದ್ದೆ. ಅವರ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಮಕ್ಕಳಿದ್ದಾರೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ಥೂ ನನ್ನ ಜನ್ಮಕ್ಕೆ, ಎಂದುಕೊಂಡೆ.

"ಗಂಗಾದೇವಿಯವ್ರ," ಎಂದು ಪರದೆಯ ಕಡೆಗೆ ಕೂಗಿದೆ. "ನೀವು ಹೆಂಗದೀರಿ?"

ಪಾತ್ರೆ ಸದ್ದು ನಿಂತಿತು. ಶೆಟ್ಟರು ತಲೆ ಎತ್ತಿ ನನ್ನನ್ನು ನೋಡಿದರು.

"ಚೆನ್ನಾಗಿದೀನಿ," ಎಂದು ಒಳಗಿನಿಂದ ಉತ್ತರ ಬಂತು. ಆ ದನಿ ನನಗೆ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಎಲ್ಲರಿಗೂ ನಾನು ಅದೇ ದನಿಯಲ್ಲಿ ಅದನ್ನೇ ಹೇಳಿದ್ದೇನೆ.

"ಸುಳ್ಳ ಹೇಳಬ್ಯಾಡ್ರಿ," ಎಂದೆ. ಚಪ್ಪಲಿ ಬಿಟ್ಟು, ಯಾರೂ ಕೂತ್ಕೊಳ್ಳಿ ಎನ್ನದಿದ್ದರೂ, ಮತ್ತೆ ಅಂಗಡಿಯೊಳಗೆ ಬಂದು ಪರದೆಯ ಈಚೆ ಕುಳಿತೆ.