ಸರಳು ಹಿಡಿದ ಕೈ

ಅಪ್ಪನ ಹೃದಯ ಸೋತು, ಮೈಯಲ್ಲಿ ನೀರು ತುಂಬುತ್ತಿತ್ತು. ಮಗಳು ದಿನಾ ಬೆಳಗ್ಗೆ ಅವನ ತೂಕ ನೋಡಿ ಆಸ್ಪತ್ರೆಗೆ ಫೋನಿನಲ್ಲಿ ಹೇಳಬೇಕಿತ್ತು. ಎರಡು ಕಿಲೋ ಏರಿದರೆ ಸೇರಿಸಲೇಬೇಕು. ಕೊನೆಗಾಲದಲ್ಲಿ ಮನೆಗೇ ಬಂದು ನೋಡಿಕೊಳ್ಳುವ ನರ್ಸ್‌ಗಳು ಆಸ್ಪತ್ರೆಯಲ್ಲಿದ್ದರು, ಆದರೆ ಸರ್ಕಾರದ ನಿಯಮದಲ್ಲಿ ಆ ಭಾಗ್ಯ ಕ್ಯಾನ್ಸರಿನವರಿಗೆ ಮಾತ್ರ.

"ಹೀರೋ ಎಂಟ್ರಿ! ಮ್ಯೂಸಿಕ್ ಹಾಕಮ್ಮ," ಎಂದು ಅಪ್ಪ ಏದುಸಿರು ಬಿಡುತ್ತಾ ತೂಕದ ಯಂತ್ರ ಹತ್ತಿದ.

ಅರವತ್ತೆರಡು. ನಿನ್ನೆ ಇದ್ದಷ್ಟೇ. ಆದರೆ ಕಾಲು ಊದಿ ಕಂಬವಾಗಿತ್ತು. ಅನುಮಾನದಿಂದ ಮಗಳು ಬಗ್ಗಿ ನೋಡಿದಳು. ಅಪ್ಪ ಬೆನ್ನ ಹಿಂದೆ ಕೈ ಚಾಚಿ ಕಿಟಕಿಯ ಸರಳಿಗೆ ಜೋತುಬಿದ್ದಿದ್ದ.

"ಕೈ ಬಿಡಪ್ಪ. ಯಾರ ಕಿವಿಗೆ ಹೂವಿಡ್ತೀಯ?"

"ಬಿಟ್ರೆ ಆಂಬುಲೆನ್ಸ್ ಕರೀತೀಯ. ಹೋದ್ಸಲ ಹನ್ನೆರಡು ದಿನ ಗಾಜಿನಾಚೆಯಿಂದ ನಿನ್ನ ಮುಖ ನೋಡ್ದೆ. ಕ್ಲೈಮ್ಯಾಕ್ಸ್ ಇಲ್ಲೇ ಆಗ್ಲಿ ಮಗಳೇ. ಡೈರೆಕ್ಟರ್ ನಾನೇ."

"ಉಸಿರು ಕಟ್ಟಿದ್ರೆ ನಾನೊಬ್ಳೇ ಏನ್ ಮಾಡ್ಲಿ?"

"ಪಕ್ಕದಲ್ಲಿ ಕೂತ್ಕೋ. ಅಷ್ಟೇ."

ಅವನು ಕೈ ಬಿಟ್ಟ. ಮುಳ್ಳು ಅರವತ್ತೈದಕ್ಕೆ ಹೋಯಿತು.

ಆಸ್ಪತ್ರೆಯಿಂದ ಫೋನ್ ಬಂತು. ಮಗಳು ಅಪ್ಪನ ಮುಖವನ್ನೇ ನೋಡುತ್ತಾ, "ಅರವತ್ತೆರಡು," ಎಂದಳು. ಆಮೇಲೆ ಅವನನ್ನು ಮಲಗಿಸಿ, ಬೆನ್ನಿಗೆ ಮೂರನೇ ದಿಂಬು ಕೊಟ್ಟು, ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡಳು.