ಎರಡು ಕುಂಡದ ಅವರೆ

"ಅತ್ತೆ, ಬಿಡಿ! ಒರೆಸ್ಬೇಡಿ!" ಎನ್ನುತ್ತ ಚೇತನಾ ತಾರಸಿಗೆ ಓಡಿಬಂದಳು. ಅಷ್ಟರಲ್ಲಿ ಮುನಿತಾಯಮ್ಮ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ, ಎರಡನೇ ಕುಂಡದ ಅವರೆ ಎಲೆಯನ್ನೂ ಒರೆಸಿಯಾಗಿತ್ತು.

"ಯಾಕೇ ಬಡ್ಕೊತೀಯ? ಹುಳದ ಮೊಟ್ಟೆ ಮುಟ್ಟಿಲ್ಲ ಕಣೇ. ನಡುವೆ ಕಂದು ಗಲೀಜಿತ್ತು, ಅಷ್ಟೇ ತೆಗ್ದೆ. ನಿಮ್ಮಪ್ಪನ ಸಾಹೇಬ್ರು ಬರ್ತಾರೆ ಅಂದ್ಯಲ್ಲ."

ಚೇತನಾಗೆ ಅಳಬೇಕೋ ಅತ್ತೆಯ ಕೈಯಿಂದ ಆ ಬಟ್ಟೆ ಕಿತ್ತೆಸೆಯಬೇಕೋ ತಿಳಿಯಲಿಲ್ಲ. ಕೆಳಗೆ, ಲಗ್ಗೆರೆಯ ಆ ಇಕ್ಕಟ್ಟಿನ ಹಾಲ್‌ನಲ್ಲಿ ಅಪ್ಪ ರಾಮಯ್ಯನ ಹೆಣವಿತ್ತು. ಮಧ್ಯಾಹ್ನ ಎತ್ತಬೇಕಿತ್ತು.

*

ರಾಮಯ್ಯ ಮೂವತ್ತು ವರ್ಷ ಪ್ರಯೋಗಾಲಯವೊಂದರಲ್ಲಿ ಅವರೆ ರಸ ಹೀರುವ ತಿಗಣೆಗಳನ್ನು ಸಾಕಿದವನು. ಮೊಟ್ಟೆ ತೊಳೆದೇ ಇಡಬೇಕೆಂಬುದು ಅಲ್ಲಿನ ಮುಖ್ಯಸ್ಥರಾದ ರಾಜೇಂದ್ರ ಸಾಹೇಬರ ಕಟ್ಟಪ್ಪಣೆ. ತೊಳೆದಾಗಲೆಲ್ಲ ಮರಿಗಳು ಸಾಯುತ್ತಿದ್ದವು.

"ಸಾರ್, ತಾಯಿ ಮೊಟ್ಟೆ ಜೊತೆ ಕಂದು ಉಂಡೆ ಇಟ್ಟಿರುತ್ತೆ. ಮರಿ ಮೊದ್ಲು ಹೀರೋದು ಅದನ್ನೇ. ತಾಯಿ ಕರುಳಿನ ಬ್ಯಾಕ್ಟೀರಿಯಾ ಅದ್ರಲ್ಲಿರುತ್ತೆ. ಅದು ಹೊಟ್ಟೆಗೆ ಹೋಗ್ದಿದ್ರೆ ಎಷ್ಟು ರಸ ಕುಡಿದ್ರೂ ಮೈಗೆ ಹತ್ತಲ್ಲ."

"ನಿನ್ನ ಇಟ್ಕೊಂಡಿರೋದು ಹುಳ ಸಾಕೋಕೆ, ಪಾಠ ಹೇಳೋಕಲ್ಲ."

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಆದರೂ ಹಟಮಾರಿ ಮನುಷ್ಯ, ನಿವೃತ್ತನಾದ ಮೇಲೂ ಬಿಡಲಿಲ್ಲ. ಒಂದು ಕುಂಡದಲ್ಲಿ ಉಂಡೆ ತೆಗೆದು, ಇನ್ನೊಂದರಲ್ಲಿ ಹಾಗೇ ಬಿಟ್ಟು, ಭಾನುವಾರ ಮರಿಯಾಗುತ್ತೆ, ಬಂದು ನೋಡಿ ಎಂದು ಸಾಹೇಬರನ್ನು ಒಪ್ಪಿಸಿದ್ದ. ಶನಿವಾರ ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ.

*

ಸಾಹೇಬರು ಹಾರ ಹಿಡಿದು ಬಂದರು. ಚೇತನಾ ಅವರನ್ನು ತಾರಸಿಗೆ ಕರೆದೊಯ್ದಳು. ಎರಡೂ ಕುಂಡಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಎಲೆಯ ತುಂಬ ದಿಕ್ಕೆಟ್ಟು ಓಡಾಡುತ್ತಿದ್ದವು.

"ಉಂಡೆ ಸಿಕ್ಕಿದ್ರೆ ಈ ಕಡೆ ಕುಂಡದವು ಒಟ್ಟಿಗೆ ಕೂತಿರೋವು ಸಾರ್. ಅತ್ತೆ ಗೊತ್ತಿಲ್ದೆ ಒರೆಸ್ಬಿಟ್ರು."

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಎರಡೂ ಒಂದೇ ಥರ ಇದಾವಲ್ಲಮ್ಮ. ಪಾಪ, ರಾಮಯ್ಯಂಗೆ ಅದೊಂದು ಭ್ರಮೆ."

"ಭ್ರಮೆ ಅಲ್ಲ ಸಾರ್, ನಾನೇ ಕಣ್ಣಾರೆ..."

"ಆಯ್ತಮ್ಮ. ಈಗ ಅದೆಲ್ಲ ಯಾಕೆ?"

ಚೇತನಾಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಇದ್ದಿದ್ದರೆ ಇನ್ನೆರಡು ಕುಂಡ ಹಾಕಿ, ಇನ್ನೊಂದು ಭಾನುವಾರ ಬನ್ನಿ ಎನ್ನುತ್ತಿದ್ದ. ಅವಳಿಗೆ ಆ ತಾಳ್ಮೆಯಿರಲಿಲ್ಲ.

ಕೆಳಗಿನಿಂದ ಮುನಿತಾಯಮ್ಮ ಕೂಗಿದಳು: "ಬಾರೇ, ಹೊತ್ತಾಯ್ತು! ಬಾಯಿಗೆ ಅಕ್ಕಿ ಹಾಕ್ಬೇಕು."

ಚೇತನಾ ಅಕ್ಕಿ ಹಿಡಿದು ಅಪ್ಪನ ತಲೆಯ ಬಳಿ ಬಂದಳು. ಯಾರೋ ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿದರು. "ತಡೀಮ್ಮ, ದೊಡ್ಡವರು ಬಂದಿದಾರೆ. ಸಾಹೇಬ್ರು ಮೊದ್ಲು ಹಾಕ್ಲಿ."

ಸಾಹೇಬರು ಚಪ್ಪಲಿ ಬಿಟ್ಟು ಮುಂದೆ ಬಂದರು. ಬಗ್ಗಿ, ರಾಮಯ್ಯನ ಮುಚ್ಚಿದ ಬಾಯಿಯ ಮೇಲೆ ಬೊಗಸೆ ಅಕ್ಕಿ ಸುರಿದರು.