ದುಗ್ಗಮ್ಮನ ಮಾವಿನ ಕಡ್ಡಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಹುಂಚದ ಹತ್ತಿರ ದುಗ್ಗಮ್ಮ ಎಂಬ ರಾಕ್ಷಸಿ ಒಂದು ಮಾವಿನ ಮರ ಕಾಯುತ್ತಿದ್ದಳು. ಅದರ ಮಿಡಿಗೆ ಜೀರಿಗೆಯ ಪರಿಮಳ. ಅಂಥ ಉಪ್ಪಿನಕಾಯಿ ತನ್ನ ಮನೆಯಲ್ಲಷ್ಟೇ ಇರಲಿ ಎಂದು, ಕಸಿ ಕಟ್ಟಲು ಅವಳು ಯಾರಿಗೂ ಕಡ್ಡಿ ಕೊಡುತ್ತಿರಲಿಲ್ಲ.

ಆ ಮನೆ ಮೊದಲು ನಮ್ಮದು. ಅಲ್ಲೇ ಬೆಳೆದು ನಾರ್ವೆ ಸೇರಿದ್ದ ಸುಮಿತ್ರಾ ಚಿಕ್ಕಮ್ಮ ಎಷ್ಟೋ ವರ್ಷಗಳ ಮೇಲೆ ಬಂದಿದ್ದಳು. ಮನೆ ಮಾರಿ ಸಾಗರಕ್ಕೆ ಬಂದಿರುವ ಅಜ್ಜಿಗೆ, "ನಿನ್ ಮರದ ಕಸಿ ನಾನೇ ಕಟ್ಟಿಕೊಡ್ತೀನಿ" ಎಂದು ಮಾತು ಕೊಟ್ಟಿದ್ದಳು. ಕೇಳಿದರೆ ಸಿಗುವುದಿಲ್ಲವೆಂದು ಒಂದು ಡಬ್ಬಿ ಕಡುಬು ಹಿಡಿದು ಹೋದಳು, ನನ್ನನ್ನೂ ಕರೆದುಕೊಂಡು.

ತಿಂಡಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ! ದುಗ್ಗಮ್ಮ ಸಕ್ಕರೆ ತಂದಳು.

"ನಂಗೆ ಶುಗರ್ ಇದೆ ಅಕ್ಕಾ."

"ತೆಂಗಿನಕಾಯಿ ಹಾಕ್ಲಾ?"

"ಕೊಲೆಸ್ಟ್ರಾಲು."

"ಬಾಳೆಹಣ್ಣು?"

"ಶೀತ ಆಗುತ್ತೆ."

"ಖಾಲಿ ಡಬ್ಬಿ ಕಳ್ಸಿ ನನ್ ಮನೆಗೆ ದರಿದ್ರ ಹತ್ಬೇಕಾ? ಎಂತ ಹಾಕ್ಲಿ, ನೀನೇ ಹೇಳೆ ಮಾರಾಯ್ತಿ!"

"ಹಿತ್ಲಿನ ಮಾವಿನ ಕಡ್ಡಿ."

ದುಗ್ಗಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಾರ್ವೇಲಿ ಇದನ್ನೇ ಕಲ್ತ್ಯಾ?"

"ಇಲ್ಲಕ್ಕಾ, ಇದೇ ಅಡುಗೆಮನೇಲಿ."

ಗೊಣಗುತ್ತಲೇ ದುಗ್ಗಮ್ಮ ಕತ್ತಿ ತೆಗೆದುಕೊಂಡು ಹಿತ್ತಿಲಿಗೆ ನಡೆದಳು.

ಸಂಜೆ ಸಾಗರದ ಅಂಗಳದಲ್ಲಿ ಅಜ್ಜಿ ಒಂದು ಎಳೆಯ ಮಾವಿನ ಗಿಡ ಹಿಡಿದುಕೊಂಡಳು. ಚಿಕ್ಕಮ್ಮ ಅದರ ತುದಿ ಕತ್ತರಿಸಿ, ಕಡ್ಡಿಯನ್ನು ಕಾಂಡದ ಸೀಳಿನಲ್ಲಿ ಕೂರಿಸಿ, ಪಟ್ಟಿ ಬಿಗಿದು, ಗಂಟು ಹಾಕಿದಳು.